ಸೂರ್ಯಕಾಂತಿಗೆ ಹಸುರೆಲೆ ಗೊಬ್ಬರ ಮತ್ತು ಯೂರಿಯಾ

ನಮ್ಮ ಸಂಘದ ಸದಸ್ಯರಲ್ಲಿ ಕಾಫಿ, ಅಡಿಕೆ ತೋಟಗಳ ಜೊತೆಗೆ ಬಯಲುಸೀಮೆಯಲ್ಲಿ ಹೊಲವುಳ್ಳವರೂ ಇದ್ದಾರೆ. ಅಂಥ ಹೊಲಗಳಲ್ಲಿ ಸೂರ್ಯಕಾಂತಿ ಬೆಳೆಯುವವರಿಗೆ ಈ ಲೇಖನ. ಗಿಡ ಎತ್ತರವಾಗಿ ಬಂತು, ಎಲೆ ಕಡುಹಸುರಾಗಿತ್ತು, ಆದರೆ ಗಾಣದಲ್ಲಿ ಎಣ್ಣೆ ಇಳಿಯಲಿಲ್ಲ ಎಂದಾದರೆ, ಮೊದಲು ಯೂರಿಯಾ ಎಷ್ಟು ಹಾಕಿದೆವೆಂಬುದನ್ನು ನೋಡಬೇಕು.

ಸಾರಜನಕ ಬೆಳೆಗೆ ಬೇಕೇ ಬೇಕು. ಅದು ಕಡಿಮೆಯಾದರೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ, ತೆನೆ ಸಣ್ಣದಾಗುತ್ತದೆ, ಕಾಳು ಜೊಳ್ಳಾಗುತ್ತದೆ. ಆದರೆ ಮಿತಿ ಮೀರಿದರೆ ಬೇರೊಂದು ತೊಂದರೆ. ಎಲೆಯಲ್ಲಿ ತಯಾರಾದ ಸಕ್ಕರೆಯಿಂದಲೇ ಕಾಳಿನಲ್ಲಿ ಎಣ್ಣೆಯೂ ಸಸಾರಜನಕವೂ ಆಗಬೇಕು. ಸಾರಜನಕ ಹೇರಳವಾಗಿದ್ದಾಗ ಸಕ್ಕರೆಯ ಹೆಚ್ಚು ಪಾಲು ಸಸಾರಜನಕಕ್ಕೆ ಹೋಗಿ ಎಣ್ಣೆಯ ಪ್ರಮಾಣ ಇಳಿಯುತ್ತದೆ. ಗಿಡ ಮೆತ್ತಗಾಗಿ ಗಾಳಿಗೆ ಬೀಳುವುದೂ ಉಂಟು.

ಒಂದು ಲೆಕ್ಕ ಹಾಕಿ ನೋಡೋಣ. ಎಕರೆಗೆ 6 ಕ್ವಿಂಟಾಲ್ ಕಾಳು, ಅದರಲ್ಲಿ ಶೇಕಡ 40 ಎಣ್ಣೆ ಇದ್ದರೆ 240 ಕಿಲೋ ಎಣ್ಣೆಯಾಯಿತು. ಯೂರಿಯಾ ಹೆಚ್ಚಿಸಿದ್ದರಿಂದ ಕಾಳು 6.3 ಕ್ವಿಂಟಾಲಾಗಿ, ಎಣ್ಣೆ ಶೇಕಡ 37ಕ್ಕೆ ಇಳಿದರೆ ಸಿಗುವುದು 233 ಕಿಲೋ. ಗೊಬ್ಬರದ ಹಣವೂ ಹೋಯಿತು, ಎಣ್ಣೆಯೂ ಹೋಯಿತು.

ತೋಟಕ್ಕೆ ಸೊಪ್ಪು ಹಾಕುವುದು ನಮಗೆ ಹೊಸದಲ್ಲ. ಹೊಲದಲ್ಲಿ ಅದೇ ಕೆಲಸವನ್ನು ಅಪ್ಸೆಣಬು ಮಾಡುತ್ತದೆ. ಹೊರಗಿನಿಂದ ತಂದ ಸೊಪ್ಪು ಒಂದು ಕಡೆಯ ಸಾರವನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ; ಸೆಣಬಾದರೋ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತದೆ. ಎಕರೆಗೆ 5 ಟನ್ ಹಸಿ ಸೊಪ್ಪು ಬಂದು, ಅದರಲ್ಲಿ ಶೇಕಡ 0.5 ಸಾರಜನಕವಿದ್ದರೆ 25 ಕಿಲೋ ಆಯಿತು. 45 ಕಿಲೋ ಯೂರಿಯಾ ಚೀಲದಲ್ಲಿರುವುದು ಸುಮಾರು 21 ಕಿಲೋ. ಆದರೆ ಸೊಪ್ಪಿನದೆಲ್ಲವೂ ಅದೇ ಬೆಳೆಗೆ ದಕ್ಕುವುದಿಲ್ಲ. ಒಂದು ಪಾಲು ಮಾತ್ರ ಆಗ ಸಿಕ್ಕಿ, ಉಳಿದದ್ದು ಮಣ್ಣಿನಲ್ಲಿದ್ದು ಮುಂದಿನ ಬೆಳೆಗಳಿಗೆ ನಿಧಾನವಾಗಿ ಒದಗುತ್ತದೆ. ಆದ್ದರಿಂದ ಯೂರಿಯಾವನ್ನು ಒಮ್ಮೆಗೇ ಪೂರ್ತಿ ಬಿಡದೆ, ಮಣ್ಣು ಪರೀಕ್ಷೆಯ ಆಧಾರದ ಮೇಲೆ ಕಡಿಮೆ ಮಾಡುತ್ತ ಬರುವುದು ಲೇಸು.

ಹಸುರೆಲೆ ಗೊಬ್ಬರದಲ್ಲಿ ಕಾಲವೇ ಮುಖ್ಯ. ಕೃತ್ತಿಕಾ ಮಳೆಗೆ ಎಕರೆಗೆ 15ರಿಂದ 20 ಕಿಲೋ ಸೆಣಬು ಚೆಲ್ಲಿ, ಸುಮಾರು 45 ದಿನಕ್ಕೆ, ಅಂದರೆ ಆರಿದ್ರಾ ಮಳೆಯಲ್ಲಿ, ಹೂ ಬಿಡುವ ಹೊತ್ತಿಗೆ ಮಗುಚಿ ಉಳಬೇಕು. ಎರಡು ವಾರ ಕೊಳೆಯಲು ಬಿಟ್ಟು ಪುನರ್ವಸುವಿನಲ್ಲಿ ಸೂರ್ಯಕಾಂತಿ ಬಿತ್ತಬಹುದು. ತಡಮಾಡಿದರೆ ಸೆಣಬಿನ ದಂಟು ನಾರಾಗುತ್ತದೆ. ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸುವುದರಿಂದ ಎಳೆ ಸಸಿಗಳು ಹಳದಿಯಾಗುತ್ತವೆ. ಇನ್ನೊಂದು ಎಚ್ಚರಿಕೆ: ಸೆಣಬೂ ನೀರು ಕುಡಿಯುವ ಬೆಳೆಯೇ. ಮುಂಗಾರು ಕೈಕೊಟ್ಟ ವರ್ಷ ಅದನ್ನು ಬೆಳೆದರೆ ಸೂರ್ಯಕಾಂತಿಗೆ ತೇವ ಉಳಿಯದು. ಅಂಥ ವರ್ಷ ಬದುವಿನ ಗ್ಲಿರಿಸಿಡಿಯಾದ ಎಳೆ ಸೊಪ್ಪನ್ನು ಕಡಿದು ಮಣ್ಣಿಗೆ ಸೇರಿಸುವುದೇ ಕ್ಷೇಮ.

ಯೂರಿಯಾವನ್ನು ಎರಡು ಕಂತು ಮಾಡಿ, ಅರ್ಧವನ್ನು ಬಿತ್ತನೆಗೂ, ಉಳಿದರ್ಧವನ್ನು ಸುಮಾರು 30 ದಿನಕ್ಕೆ ಕಳೆ ತೆಗೆದ ಮೇಲೆ ತೇವವಿರುವಾಗಲೂ ಕೊಡಬೇಕು. ರಂಜಕಕ್ಕೆ ಸೂಪರ್ ಫಾಸ್ಫೇಟ್ ಹಾಕಿದರೆ ಎಣ್ಣೆಗೆ ಅಗತ್ಯವಾದ ಗಂಧಕವೂ ಅದರೊಡನೆ ಸಿಗುತ್ತದೆ.

ಸದಸ್ಯರು ಈ ಮುಂಗಾರಿನಲ್ಲಿ ಅರ್ಧ ಎಕರೆಯಲ್ಲಾದರೂ ಸೆಣಬು ಹಾಕಿ, ಎರಡೂ ತಾಕುಗಳ ಕಾಳನ್ನು ಬೇರೆ ಬೇರೆ ತೂಗಿ, ಬೇರೆ ಬೇರೆ ಗಾಣಕ್ಕೆ ಕೊಟ್ಟು ನೋಡಲಿ. ಎಲೆಯ ಹಸುರನ್ನು ನೋಡಿ ಬೆಳೆಯ ಲಾಭ ಹೇಳಲಾಗದು. ಅದನ್ನು ಎಣ್ಣೆಯಲ್ಲಿ ಅಳೆಯಬೇಕು.