ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್: ಅಸಲು ಕನ್ನಡದಲ್ಲೇ ಇದೆ

ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಮುಂದೆ ಬ್ಯಾಂಕಿನ ನೌಕರಿಗೆ ಸೇರಿದ ಕನ್ನಡಿಗರು ಮುಂಬಯಿಯಲ್ಲಿ ಅನೇಕರು. ಕನ್ನಡ ಶಾಲೆಗಳ ಸಂಖ್ಯೆ ಇಳಿದರೂ ಆ ಹಂಬಲ ಇಳಿದಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಮಧ್ಯರಾತ್ರಿಯವರೆಗೆ ದೀಪ ಉರಿಯುವುದು ಬ್ಯಾಂಕ್ ಪರೀಕ್ಷೆಗಾಗಿಯೇ.

ಗುಮಾಸ್ತ ಹುದ್ದೆಗಳ ಪರೀಕ್ಷೆಯನ್ನು ಹಿಂದಿ, ಇಂಗ್ಲಿಷುಗಳ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯವು 2021ರಲ್ಲಿ ಶಿಫಾರಸು ಮಾಡಿತು. ಆದರೆ ಇಂಗ್ಲಿಷ್ ಭಾಷೆಯ ವಿಭಾಗವನ್ನು ಇಂಗ್ಲಿಷಿನಲ್ಲೇ ಉತ್ತರಿಸಬೇಕು. ಐ.ಬಿ.ಪಿ.ಎಸ್. ನಡೆಸುವ ಪ್ರಾಥಮಿಕ ಪರೀಕ್ಷೆಯಲ್ಲಿ ಅದಕ್ಕಿರುವುದು 30 ಪ್ರಶ್ನೆ, 20 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು.

ವಿದ್ಯಾರ್ಥಿಗಳು ಕಠಿಣ ಪದಗಳಿಗೆ ಅಂಜುತ್ತಾರೆ. ಎಡವುವುದು ಮಾತ್ರ ಪರಿಚಿತ ಪದಗಳಲ್ಲಿ. ‘ಇಂಟರೆಸ್ಟ್’ ಎಂದರೆ ಆಸಕ್ತಿ ಹೌದು, ಬ್ಯಾಂಕಿನಲ್ಲಿ ಅದು ಬಡ್ಡಿ. ‘ಪ್ರಿನ್ಸಿಪಾಲ್’ ಕಾಲೇಜಿನಲ್ಲಿ ಮುಖ್ಯಸ್ಥ, ಸಾಲಪತ್ರದಲ್ಲಿ ಅಸಲು. ‘ಮೆಚ್ಯೂರಿಟಿ’ ಮನುಷ್ಯನಿಗೆ ಪ್ರೌಢತೆ, ಠೇವಣಿಗೆ ಅವಧಿಯ ಮುಕ್ತಾಯ. ಕನ್ನಡದಲ್ಲಿ ಸಾಲ ಒಂದೇ, ಕೊಡುವುದೂ ಪಡೆಯುವುದೂ ಅದರ ಎರಡು ಕ್ರಿಯೆಗಳು. ಇಂಗ್ಲಿಷಿನಲ್ಲಿ ಕೊಡುವುದು ‘ಲೆಂಡ್’, ಪಡೆಯುವುದು ‘ಬಾರೋ’. ಹಾಗೆಯೇ ತಾನಾಗಿ ಕೆಲಸ ಬಿಡುವುದು ‘ರಿಸೈನ್’, ವಯಸ್ಸು ತುಂಬಿ ಬಿಡುವುದು ‘ರಿಟೈರ್’, ಮಾಲೀಕನು ಸಿಬ್ಬಂದಿಯನ್ನು ಕಡಿತಗೊಳಿಸುವುದು ‘ರಿಟ್ರೆಂಚ್’. ಇಂಥವನ್ನು ಜೋಡಿಯಾಗಿ, ವಾಕ್ಯದೊಳಗೇ ಕಲಿಯಬೇಕು.

ಇದಕ್ಕೆ ಬೇಕಾದ ಬಂಡವಾಳ ಕನ್ನಡಿಗನ ಬಳಿ ಆಗಲೇ ಇದೆ. ಜಮಾ, ಖರ್ಚು, ಅಡಮಾನ, ಜಾಮೀನು, ಚಕ್ರಬಡ್ಡಿ ಇವು ಊರಿನ ಅಂಗಡಿಯ ಲೆಕ್ಕದಲ್ಲೇ ಕೇಳಿದ ಮಾತುಗಳು. ವಿಷಯ ತಿಳಿದಿದೆ, ಕಲಿಯಬೇಕಾದದ್ದು ಇನ್ನೊಂದು ಹೆಸರು ಮಾತ್ರ. ಅಡಮಾನ ತಿಳಿದವನಿಗೆ ‘ಮಾರ್ಗೇಜ್’ ಹೊಸ ವಸ್ತುವಲ್ಲ. ಆದರೆ ಅದರ ಕಾಗುಣಿತದಲ್ಲಿ ಉಚ್ಚರಿಸದ ಟಕಾರವೊಂದು ಅಡಗಿದೆ; ಋಣವೆಂಬ ಅರ್ಥದ ‘ಡೆಟ್’ ಪದದಲ್ಲಿ ಬಕಾರ ಅಡಗಿರುವಂತೆ. ಅದನ್ನು ಬರೆದೇ ಕಲಿಯಬೇಕು.

ಇನ್ನು ಆರೋಗ್ಯದ ಮಾತು. ಕಲಿತದ್ದರಲ್ಲಿ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲೇ ಮರೆತುಹೋಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದನು. ಬಿಡುವು ಕೊಟ್ಟು ಮರುಕಳಿಸಿದ ಪಾಠವು ಒಂದೇ ಪಟ್ಟಿಗೆ ಉರುಹೊಡೆದುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ದಿನಕ್ಕೆ ಹತ್ತು ಪದ ಸಾಕು. ಮರುದಿನ, ಮೂರನೆಯ ದಿನ, ವಾರದ ಬಳಿಕ ಅರ್ಥವನ್ನು ಕೈಯಿಂದ ಮುಚ್ಚಿ ನೆನಪಿಸಿಕೊಳ್ಳಬೇಕು. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ರೆ ಅವಶ್ಯ. ನಿದ್ದೆಗೆಟ್ಟು ಓದುವವನು ಒಂದು ಕೈಯಿಂದ ಜಮಾ ಮಾಡಿ ಇನ್ನೊಂದರಿಂದ ಖರ್ಚು ಬರೆದಂತೆ. ಮಕ್ಕಳ ಓದಿನ ಜೊತೆಗೆ ನಿದ್ದೆಯನ್ನೂ ವಿಚಾರಿಸುವುದು ತಂದೆತಾಯಿಗಳ ಹೊಣೆ.

ಈ ಪದಗಳ ಕೆಲಸ ಪರೀಕ್ಷಾ ಕೊಠಡಿಯಲ್ಲೇ ಮುಗಿಯುವುದಿಲ್ಲ. ನೆರೆಯವರ ಸಾಲಕ್ಕೆ ದಾಕ್ಷಿಣ್ಯದಿಂದ ‘ಗ್ಯಾರಂಟರ್’ ಎಂದು ಸಹಿ ಹಾಕುವವರು ಅದನ್ನು ಬರಿಯ ಸಾಕ್ಷಿಯೆಂದೇ ಭಾವಿಸುವುದುಂಟು. 1872ರ ಭಾರತೀಯ ಕರಾರು ಕಾಯಿದೆಯಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಪರೀಕ್ಷೆಯಲ್ಲಿ ಒಂದು ಪದ ತಪ್ಪಿದರೆ ಹೋಗುವುದು ಒಂದೆರಡು ಅಂಕ. ಇಲ್ಲಿ ತಪ್ಪಿದರೆ ಒಂದು ಸಂಸಾರದ ಉಳಿತಾಯವೇ ಹೋದೀತು. ಮಗನೋ ಮಗಳೋ ಕಲಿತ ಹತ್ತು ಪದಗಳನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆಲ್ಲ ಹೇಳಿಕೊಡಲಿ. ಅವರ ಪಾಠವೂ ಗಟ್ಟಿಯಾಗುತ್ತದೆ, ಮನೆಯೂ ಎಚ್ಚರವಾಗಿರುತ್ತದೆ.