ಬೀದರಿನ ನುಡಿಗೆ ರ‍್ಯಾಪಿನ ತಾಳ

ಹಾಡೆಂದರೆ ರಾಗವಿರಬೇಕು, ಆಲಾಪವಿರಬೇಕು ಎಂದು ನಂಬಿದ ಹಿರಿಯರಿಗೆ ‘ರ‍್ಯಾಪ್’ ಎಂಬ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕುತ್ತದೆ. ಇದು ಹಾಡೋ, ಮಾತೋ, ಜಗಳವೋ? ಮನೆಯ ಮಕ್ಕಳಾದರೋ ಅದನ್ನೇ ಕೇಳಿ ತಲೆದೂಗುತ್ತಾರೆ. ಅಂಥದೇನಿದೆ ಅದರಲ್ಲಿ?

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ಕೂಟದಲ್ಲಿ, ಜಮೈಕದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣನು ಗಾನಮುದ್ರಿಕೆಗಳ ತಾಳದ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿದನು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತನಾಡುವ ಕಲೆ ಬೆಳೆಯಿತು. ಬಡವರ ಕೇರಿಯ ಆ ದನಿ 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ಧ್ವನಿಮುದ್ರಿಕೆಯಿಂದ ಲೋಕಪ್ರಸಿದ್ಧವಾಯಿತು.

ಕನ್ನಡಕ್ಕೂ ಈ ಅಲೆ ಬಂದಿತು. ಹಾಸನ ಜಿಲ್ಲೆಯ ಚಂದನ್ ಶೆಟ್ಟಿಯವರು ಬಿಡಿ ಹಾಡುಗಳಿಂದಲೇ ಮನೆಮಾತಾಗಿ, 2018ರಲ್ಲಿ ‘ಬಿಗ್ ಬಾಸ್’ ಸ್ಪರ್ಧೆಯನ್ನೂ ಗೆದ್ದರು. ‘ಆಲ್ ಓಕೆ’ ಎಂಬ ಹೆಸರಿನ ಅಲೋಕ್ ಮತ್ತೊಬ್ಬ ಪ್ರಸಿದ್ಧರು. ಇವರ ಹಾಡಿಗೆ ಚಲನಚಿತ್ರದ ಹಂಗಿಲ್ಲ. ಒಂದು ಹಾಡು, ಅದಕ್ಕೊಂದು ಚಿತ್ರೀಕರಣ, ಅದನ್ನು ಅಂತರಜಾಲಕ್ಕೆ ಏರಿಸಿದರೆ ಮುಗಿಯಿತು. ಇಬ್ಬರು ಗಾಯಕರು ಕೂಡಿ ಹಾಡಿದರಂತೂ ಒಬ್ಬರ ಕೇಳುಗರು ಇನ್ನೊಬ್ಬರಿಗೂ ದೊರೆಯುತ್ತಾರೆ.

ಹಾಗಾದರೆ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರದ ಬೀದರಿನ ತರುಣನೂ ಹಾಡಬಹುದಲ್ಲವೆ? ಹಾಡಬಹುದು, ಆದರೆ ಯಾವ ನುಡಿಯಲ್ಲಿ? ಅಲ್ಲಿನ ಪೇಟೆಯಲ್ಲಿ ಕನ್ನಡದೊಡನೆ ದಖನಿ ಉರ್ದು ಬೆರೆಯುತ್ತದೆ. ಔರಾದ್ ಕಡೆ ಹೋದರೆ ಮರಾಠಿಯೂ ಸೇರುತ್ತದೆ. ಈ ಬೆರಕೆಯ ಮಾತನ್ನು ದಕ್ಷಿಣದವರು ನಕ್ಕಾರೆಂಬ ಸಂಕೋಚದಿಂದ ಎಷ್ಟೋ ಮಂದಿ ಊರು ಬಿಟ್ಟೊಡನೆ ಊರ ನುಡಿಯನ್ನೂ ಬಿಡುತ್ತಾರೆ.

ಸಂಕೋಚಕ್ಕೆ ಕಾರಣವಿಲ್ಲವೆಂಬುದಕ್ಕೆ ಬೀದರಿನ ಇತಿಹಾಸವೇ ಸಾಕ್ಷಿ. 15ನೆಯ ಶತಮಾನದಲ್ಲಿ ಬಹಮನಿ ಆಸ್ಥಾನಕ್ಕೆ ಪಾರಸಿಯೇ ಪ್ರತಿಷ್ಠೆಯ ಭಾಷೆ. ಆಗ ನಿಜಾಮಿ ಎಂಬ ಕವಿಯು ಜನರ ಆಡುಮಾತಾದ ದಖನಿಯಲ್ಲಿ ‘ಕದಮ್ ರಾವ್ ಪದಮ್ ರಾವ್’ ಕಾವ್ಯವನ್ನು ಬರೆದನು. ದಖನಿಯ ಅತ್ಯಂತ ಹಳೆಯ ಕಥನಕಾವ್ಯವೆಂದು ವಿದ್ವಾಂಸರು ಎಣಿಸುವುದು ಅದನ್ನೇ. ಇನ್ನು ನಿಜಾಮರ ಆಳಿಕೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದಿದ್ದಾಗ, ಔರಾದ್ ಸೀಮೆಯ ಕಮಲನಗರದಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅಲ್ಲಿ ಕನ್ನಡ ಉಳಿದುದು ಇಂಥವರ ಛಲದಿಂದ.

ತಾಳದ ದೃಷ್ಟಿಯಿಂದಲೂ ಈ ನುಡಿ ಹಿಂದೆ ಬೀಳುವುದಿಲ್ಲ. ಗ್ರಾಂಥಿಕದ ‘ಮಾಡುತ್ತಿದ್ದೇನೆ’ ಐದು ಅಕ್ಷರ; ಆ ಕಡೆಯ ‘ಮಾಡ್ಲತ್ತೀನಿ’ ನಾಲ್ಕೇ ಅಕ್ಷರ. ನಾಲ್ಕು ಪೆಟ್ಟಿನ ರ‍್ಯಾಪಿಗೆ ಹೇಳಿ ಮಾಡಿಸಿದ ಅಳತೆ! ಸವಾಲು-ಜವಾಬು ಕೂಡ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಹರದೇಶಿ-ನಾಗೇಶಿ ಮೇಳಗಳು ಡಪ್ಪಿನ ತಾಳಕ್ಕೆ ರಾತ್ರಿಯಿಡೀ ವಾದಿಸುವುದೂ, ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿ ಪದ ಕಟ್ಟುವುದೂ ಹಿಂದಿನಿಂದ ಬಂದ ವಾಡಿಕೆಗಳೇ. ಆ ವಾದಕ್ಕೆ ಇಂದಿನ ತಾಳ ಸೇರಿದರೆ ಅದು ಪರದೇಶದ ಅನುಕರಣೆ ಹೇಗಾದೀತು?

ಹಾಗೆಂದು ಎಲ್ಲ ರ‍್ಯಾಪೂ ಮೆಚ್ಚತಕ್ಕದ್ದೆಂದಲ್ಲ. ಮದ್ಯದ ಹೊಗಳಿಕೆ, ಬಾಡಿಗೆ ಕಾರಿನ ಮುಂದೆ ಬಡಾಯಿ ಇವು ಎಷ್ಟೋ ಹಾಡುಗಳ ಬಂಡವಾಳ. ಆದರೆ ಮಳೆಗಾಗಿ ಮುಗಿಲು ನೋಡುವ ರೈತನ ಕಳವಳ, ಕೆಲಸಕ್ಕಾಗಿ ಹೈದರಾಬಾದಿಗೋ ಪುಣೆಗೋ ಹೊರಟ ಅಣ್ಣನ ದಾರಿ ಕಾಯುವ ಮನೆ, ಕೋಟೆಯ ನೆರಳಿನಲ್ಲಿ ಬಿದರಿಯ ಕುಸುರಿಗೆ ಕಣ್ಣು ಸವೆಸುವ ಕುಶಲಿ, ಇವರ ಮಾತು ಅದೇ ತಾಳಕ್ಕೆ ಏರಬಲ್ಲದು. ಬ್ರಾಂಕ್ಸಿನ ಬಡ ಕೇರಿಗಳು ಜಗತ್ತಿನ ಕಿವಿಯನ್ನು ಗೆದ್ದುದು ತಮ್ಮ ಮಾತನ್ನು ತಮ್ಮ ನುಡಿಯಲ್ಲಿಯೇ ಆಡಿ.

ಆದುದರಿಂದ ಮನೆಯ ಹುಡುಗನು ಪ್ರಾಸ ಹೊಸೆಯುತ್ತ ಕುಳಿತರೆ ಹಿರಿಯರು ಗದರುವ ಮುನ್ನ ಒಂದು ಮಾತು ಕೇಳಲಿ: “ಅದು ನಮ್ಮ ಊರ ಮಾತಿನಲ್ಲಿದೆಯೇನಪ್ಪಾ?” ಹೌದೆಂದರೆ, ಕುಳಿತು ಪೂರ್ತಿ ಕೇಳಲಿ.