ಮನೆ ಕಲಬುರಗಿಯಲ್ಲೋ, ಕಮಲಾಪುರದಲ್ಲೋ? ಮೊದಲು ಶಾಲೆಯ ವಿಳಾಸ ನೋಡ್ರಿ

ಜೂನ್ ಹತ್ತಿರ ಬಂತಂದ್ರೆ ನಮ್ಮ ಭಾಗದ ಮನೆಗಳಲ್ಲಿ ಎರಡೇ ಮಾತು. ಮಗುವನ್ನ ಯಾವ ಶಾಲೆಗೆ ಹಾಕೋದು ಅನ್ನೋದು ಒಂದು, ಈ ಬಾಡಿಗೆ ಮನೆ ಬಿಟ್ಟು ಎಲ್ಲಿಗೆ ಹೋಗೋದು ಅನ್ನೋದು ಇನ್ನೊಂದು. ಬಹಳ ಮಂದಿ ಮೊದಲು ಮನೆ ಹುಡುಕ್ತಾರೆ, ಆಮೇಲೆ ಶಾಲೆ. ಇವತ್ತಿನ ಸಂಚಿಕೆಯಲ್ಲಿ ಅದನ್ನ ಉಲ್ಟಾ ಮಾಡಿ ನೋಡೋಣ. ಉದಾಹರಣೆಗೆ ಹುಮನಾಬಾದ್ ರಸ್ತೆ ಹಿಡಿಯೋಣ. ಈ ತುದಿಗೆ ಕಲಬುರಗಿ, ಆ ತುದಿಗೆ ಕಮಲಾಪುರ, ನಡುವೆ ಸುಮಾರು 35ರಿಂದ 38 ಕಿಲೋಮೀಟರ್, ನಗರದ ಯಾವ ಮೂಲೆಯಿಂದ ಅಳೀತೀರಿ ಅನ್ನೋದರ ಮೇಲೆ.

ಕಮಲಾಪುರ ಅಂದ್ರೆ ಬಹಳ ಮಂದಿಗೆ ಕೆಂಪು ಬಾಳೆಹಣ್ಣು ನೆನಪಾಗ್ತದೆ. ಜಿಐ ಟ್ಯಾಗ್ ಇರೋ ಹಣ್ಣದು, ತಿಂದಿಲ್ಲ ಅಂದ್ರೆ ಒಮ್ಮೆ ತಿನ್ರಿ. ಈಗ ಅದು ತಾಲೂಕು ಕೇಂದ್ರ ಕೂಡ. ತಹಶೀಲ್ದಾರ್ ಆಫೀಸು, ಬ್ಯಾಂಕು, ಶಾಲೆ, ಆಸ್ಪತ್ರೆ ಅಂತ ದಿನಾ ಅಲ್ಲಿಗೆ ಹೋಗಿ ಬರೋ ನೌಕರರು ಇದ್ದಾರೆ. ಅಲ್ಲಿಂದ ದಿನಾ ಕಲಬುರಗಿಗೆ ಬರೋರೂ ಇದ್ದಾರೆ. ಒಂದು ಮನೆ ಊಹಿಸ್ಕೊಳ್ರಿ: ಗಂಡ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ರ ಒಂದು ಆಫೀಸಿನಲ್ಲಿ, ಹೆಂಡತಿ ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಟೀಚರ್, ಮಗಳು ಈ ಜೂನ್‌ಗೆ ಒಂದನೇ ಕ್ಲಾಸ್. ಇಂಥ ಜೋಡಿ ನಿಮ್ಮ ಓಣಿಯಲ್ಲೇ ಒಂದು ಸಿಕ್ಕೀತು. ಇವರು ಮನೆ ಎಲ್ಲಿ ಮಾಡಬೇಕು?

ಅಮೆರಿಕದಲ್ಲಿರೋ ನಮ್ಮ ಮಂದಿಗೆ ಕೇಳಿದ್ರೆ 'ಸ್ಕೂಲ್ ಝೋನ್ ನೋಡಿ ಮನೆ ತಗೊಳ್ರಿ' ಅಂತಾರೆ. ಅಲ್ಲಿನ ಬಹಳಷ್ಟು ಊರುಗಳಲ್ಲಿ ಮನೆ ಯಾವ ಗೆರೆಯೊಳಗೆ ಬರ್ತದೋ ಆ ಸರ್ಕಾರಿ ಶಾಲೆಗೇ ಸೀಟು. ಹಾಗಾಗಿ ಒಳ್ಳೆ ಶಾಲೆಯ ಗೆರೆಯೊಳಗೆ ಮನೆ ಬೆಲೆಯೂ ಏರ್ತದೆ. ನಮ್ಮಲ್ಲಿ ಹಾಗಿಲ್ಲ, ರೊಕ್ಕ ಕಟ್ಟಿದ್ರೆ ಯಾವ ಶಾಲೆಯಾದರೂ ನಡೀತದೆ ಅಂತ ನಾವು ಅಂದ್ಕೊಂಡಿದ್ದೀವಿ. ಅರ್ಧ ಖರೆ. ನಮ್ಮಲ್ಲೂ ಗೆರೆಗಳಿವೆ, ಆದರೆ ಯಾರೂ ನಕ್ಷೆ ಬರೆದು ಗೋಡೆಗೆ ಹಚ್ಚಿಲ್ಲ.

ಮೊದಲನೆಯದು ಆರ್‌ಟಿಇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಗೆ ಮನೆಯಿಂದ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಇದು ಸರ್ಕಾರದ ಮೇಲಿನ ಹೊಣೆ. ಖಾಸಗಿ ಶಾಲೆಯ 25% ಉಚಿತ ಸೀಟಿಗೂ ನಿಮ್ಮ ನೆರೆಹೊರೆ ಯಾವುದು ಅನ್ನೋದೇ ಮುಖ್ಯ. ನಗರದಲ್ಲಿ ವಾರ್ಡ್ ನೋಡ್ತಾರೆ, ಹಳ್ಳಿಯಲ್ಲಿ ಗ್ರಾಮ. ಆದರೆ 2019ರಲ್ಲಿ ಕರ್ನಾಟಕ ನಿಯಮ ಬದಲಿಸ್ತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ. ಹಾಗಾಗಿ 'ಆ ದೊಡ್ಡ ಶಾಲೆ ಪಕ್ಕ ಮನೆ ಹಿಡಿದ್ರೆ ಆರ್‌ಟಿಇ ಸೀಟು ಸಿಗ್ತದ' ಅಂತ ಬ್ರೋಕರ್ ಹೇಳಿದ್ರೆ ನಂಬಿ ಅಡ್ವಾನ್ಸ್ ಕೊಡಬೇಡ್ರಿ. ಅರ್ಜಿ ಕರೆದ ವರ್ಷದ ನಿಯಮ ಏನದ ಅಂತ ನೋಡಿ ಮುಂದೆ ಹೋಗ್ರಿ.

ಕೇಂದ್ರೀಯ ವಿದ್ಯಾಲಯದಲ್ಲೂ ದೂರದ ಲೆಕ್ಕ ಇದೆ. ಅಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ಆದರೆ ಒಂದನೇ ಕ್ಲಾಸಿನ ಆರ್‌ಟಿಇ ಸೀಟಿಗೆ ಜಿಲ್ಲಾ ಕೇಂದ್ರದಲ್ಲಿ 5 ಕಿ.ಮೀ., ಬೇರೆ ಊರಲ್ಲಿ 8 ಕಿ.ಮೀ. ವ್ಯಾಪ್ತಿಯೊಳಗೆ ಮನೆ ಇರಬೇಕು. ಕಮಲಾಪುರದಲ್ಲಿ ಮನೆ ಮಾಡಿ ಕಲಬುರಗಿಯ ಕೇವಿಗೆ ಈ ಸೀಟು ಕೇಳಿದ್ರೆ ಆಗಲ್ಲ.

ಇವೆರಡಕ್ಕಿಂತ ದೊಡ್ಡ ಗೆರೆ ಇನ್ನೊಂದಿದೆ, ಅದು ಮನೆಯ ವಿಳಾಸ ನೋಡಲ್ಲ, ಶಾಲೆಯ ವಿಳಾಸ ನೋಡ್ತದೆ. ಒಂದರಿಂದ ಹತ್ತರ ತನಕ, ಪೂರ್ತಿ ಹತ್ತು ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ 15% ಗ್ರಾಮೀಣ ಕೋಟಾ ಇದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿ 25%. ನವೋದಯ ಶಾಲೆಗೆ ಆರನೇ ಕ್ಲಾಸಿಗೆ ಸೇರಬೇಕಂದ್ರೆ ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ, ಆದರೆ 3, 4, 5ನೇ ತರಗತಿ ಗ್ರಾಮೀಣ ಶಾಲೆಯಲ್ಲೇ ಆಗಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ರೂ ಮಗು 'ನಗರ' ಲೆಕ್ಕಕ್ಕೆ ಬೀಳ್ತದೆ.

ಈಗ ನೋಡ್ರಿ ಇದರ ವಿಚಿತ್ರ. ಹಳ್ಳಿಯ ಮಗು ಹಳದಿ ವ್ಯಾನ್ ಹತ್ತಿ ಮುಂಜಾನೆ ಕಲಬುರಗಿ ಪಾಲಿಕೆ ವ್ಯಾಪ್ತಿಯ ಶಾಲೆಗೆ ಬರ್ತದೆ. ಮನೆ ಹಳ್ಳಿಯಲ್ಲಿ, ಎಮ್ಮೆ ಅಂಗಳದಲ್ಲಿ, ಆದರೆ ಕಾಗದದಲ್ಲಿ ಅದು ನಗರದ ವಿದ್ಯಾರ್ಥಿ. ಅದೇ ನಗರದ ನಡುವೆ ಮನೆ ಇದ್ದು, ರಿಂಗ್ ರೋಡ್ ದಾಟಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಹತ್ತು ವರ್ಷ ಓದಿದ ಮಗುವಿಗೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ. ಅಡ್ಮಿಷನ್ ಫೀ ಎಷ್ಟು, ಎಸಿ ಕ್ಲಾಸ್ ಇದೆಯಾ ಅಂತ ಕೇಳೋ ನಾವು 'ಸರ್, ನಿಮ್ಮ ಶಾಲೆ ಪಾಲಿಕೆಗೆ ಬರ್ತದೋ ಪಂಚಾಯಿತಿಗೆ ಬರ್ತದೋ' ಅಂತ ಕೇಳೋದೇ ಇಲ್ಲ. ಕೇಳ್ರಿ. ಶಾಲೆಯವರು ಬಾಯಲ್ಲಿ ಹೇಳಿದ್ದು ಸಾಲದು. ಮುಂದೆ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕಾಗ್ತದೆ, ಆದ್ದರಿಂದ ಬಿಇಒ ಕಚೇರಿಯಲ್ಲೇ ವಿಚಾರಿಸೋದು ಒಳ್ಳೇದು. ತಾಲೂಕು ಕೇಂದ್ರಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆದ್ರೆ ಊರಿನ ಲೆಕ್ಕ ಬದಲಾಗ್ತದೆ. ಕಮಲಾಪುರ ಪೇಟೆಯೊಳಗಿನ ಶಾಲೆಗೂ ಹತ್ತಿರದ ಹಳ್ಳಿಯ ಶಾಲೆಗೂ ಈ ವಿಚಾರದಲ್ಲಿ ಒಂದೇ ಉತ್ತರ ಅಂತ ಮೊದಲೇ ತಿಳ್ಕೋಬೇಡ್ರಿ. ನೌಕರಿಯ ಗ್ರಾಮೀಣ ಮೀಸಲಾತಿಗೆ ಮೇಲ್‌ಸ್ತರದ ಷರತ್ತೂ ಇದೆ, ಅಪ್ಪ ಅಮ್ಮ ಇಬ್ಬರೂ ಒಳ್ಳೆ ಸಂಬಳದಲ್ಲಿದ್ರೆ ಅದನ್ನೂ ಓದಿಕೊಳ್ರಿ. 371(ಜೆ) ಚಿಂತೆ ಮಾತ್ರ ಬಿಡ್ರಿ, ಆ ಸೌಲಭ್ಯಕ್ಕೆ ಕಲಬುರಗಿ ಕಮಲಾಪುರ ಎರಡೂ ಒಂದೇ.

'ಕೋಟಾ ಸಲುವಾಗಿ ಮಗುವಿನ ಓದು ಹಾಳು ಮಾಡೋದೇನ್ರಿ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ 91.12% ತಗೊಂಡು ಮೊದಲು ಬಂತು, ನಮ್ಮ ಕಲಬುರಗಿ ಜಿಲ್ಲೆ 42.43% ತಗೊಂಡು ಕಟ್ಟಕಡೆಗೆ. ಈ ಅಂಕಿ ನೋಡಿದ ತಂದೆ ತಾಯಿ ನಗರದ ಹೆಸರುವಾಸಿ ಶಾಲೆ ಕಡೆ ಓಡಿದ್ರೆ ತಪ್ಪು ಹೇಳೋಕಾಗಲ್ಲ. ಆದರೆ ಇದು ಇಡೀ ಜಿಲ್ಲೆಯ ಅಂಕಿ, ನಗರದ ಶಾಲೆಗಳೂ ಇದರೊಳಗೇ ಇವೆ. ಜಿಲ್ಲೆಯ ಸರಾಸರಿ ನೋಡಿ ಒಂದು ಶಾಲೆ ಆರಿಸೋದು ಅಂದ್ರೆ ಸೆನ್ಸೆಕ್ಸ್ ನೋಡಿ ಒಂದು ಶೇರ್ ಕೊಂಡ ಹಾಗೆ. ನೀವು ನೋಡಿಟ್ಟ ಶಾಲೆಯ ಹಿಂದಿನ ಮೂರು ವರ್ಷದ ಫಲಿತಾಂಶ ಕೇಳ್ರಿ, ಗಣಿತಕ್ಕೂ ಇಂಗ್ಲಿಷ್‌ಗೂ ಕಾಯಂ ಟೀಚರ್ ಇದ್ದಾರಾ ಅಂತ ಕೇಳ್ರಿ. ಪಾಲಿಕೆಯ ಗೆರೆ ದಾಟಿದ ತಕ್ಷಣ ಪಾಠ ಕೆಡಲ್ಲ, ಒಳಗೆ ಬಂದ ತಕ್ಷಣ ಸುಧಾರಿಸೋದೂ ಇಲ್ಲ.

ಈಗ ಪ್ರಯಾಣ. ಬಿ.ಕಾಂ. ಓದಿದ ತಪ್ಪಿಗೆ ಲೆಕ್ಕ ಹಾಕದೆ ಇರೋಕಾಗಲ್ಲ. ಅಂಕಿ ನಿಮ್ಮವು ಹಾಕ್ಕೊಳ್ರಿ, ನಾನು ಉದಾಹರಣೆಗೆ ಹೇಳ್ತೀನಿ. ಕಮಲಾಪುರದಲ್ಲಿ ಮನೆ ಮಾಡಿದ್ರೆ ಬಾಡಿಗೆಯಲ್ಲಿ ತಿಂಗಳಿಗೆ 5,000 ರೂಪಾಯಿ ಉಳೀತದೆ ಅಂತ ಇಟ್ಕೊಳ್ಳೋಣ. ವರ್ಷಕ್ಕೆ 60,000. ಗಂಡ ಬೈಕ್ ಮೇಲೆ ದಿನಕ್ಕೆ ಹೋಗಿ ಬಂದು 75 ಕಿ.ಮೀ., ವರ್ಷಕ್ಕೆ 300 ದಿನ: 22,500 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಟ್ರೂ 450 ಲೀಟರ್, ಲೀಟರಿಗೆ 100 ರೂಪಾಯಿ ಹಿಡಿದ್ರೆ 45,000. ಉಳಿದಿದ್ದು 15,000. ಟೈರು, ಸರ್ವಿಸಿಂಗ್ ಇನ್ನೂ ಹಾಕಿಲ್ಲ. ಮನೆ ಬಾಗಿಲಿನಿಂದ ಆಫೀಸ್ ಬಾಗಿಲಿಗೆ ಒಂದೂಕಾಲು ತಾಸು ಅಂದ್ರೆ ದಿನಕ್ಕೆ ಎರಡೂವರೆ, ವರ್ಷಕ್ಕೆ 750 ತಾಸು. 15,000ವನ್ನು 750ರಿಂದ ಭಾಗಿಸ್ರಿ: ತಾಸಿಗೆ 20 ರೂಪಾಯಿ. ಯಾರಾದರೂ 'ತಾಸಿಗೆ 20 ರೂಪಾಯಿ ಕೊಡ್ತೀನಿ, ಬಿಸಿಲಲ್ಲಿ ಹೈವೇ ಮೇಲೆ ಗಾಡಿ ಹೊಡೀರಿ' ಅಂದ್ರೆ ಹೋಗ್ತೀರೇನು? 750 ತಾಸು ಅಂದ್ರೆ ಹಗಲು ರಾತ್ರಿ ಸೇರಿ 31 ದಿನ.

ಅದೇ ಪ್ರಯಾಣ ಹೆಂಡತಿ ಮಾಡಿದ್ರೆ ಲೆಕ್ಕ ಬದಲಾಗ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಕೆಕೆಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ರೊಕ್ಕ ಇಲ್ಲ. ಈ ರಸ್ತೆಯಲ್ಲಿ ಹುಮನಾಬಾದ್, ಬೀದರ್ ಕಡೆ ಹೋಗೋ ಬಸ್ಸು ನಡೀತದೆ, ಹೈದರಾಬಾದ್ ಬೋರ್ಡ್ ಇರೋ ಅಂತರರಾಜ್ಯ ಬಸ್ಸು ನಡೆಯಲ್ಲ, ಹತ್ತೋ ಮುಂಚೆ ಬೋರ್ಡ್ ನೋಡ್ರಿ. ಹಾಗಾಗಿ ಇವರು ಕಲಬುರಗಿಯಲ್ಲೇ ಮನೆ ಮಾಡಿ, ಹೆಂಡತಿ ಬಸ್ಸಲ್ಲಿ ಕಮಲಾಪುರಕ್ಕೆ ಹೋಗಿ ಬಂದ್ರೆ ಪ್ರಯಾಣದ ಖರ್ಚು ಸೊನ್ನೆ. ಆದರೆ ಆಕೆಯ ತಾಸುಗಳು ಸೊನ್ನೆ ಅಲ್ಲ. ಮುಂಜಾನೆ ಡಬ್ಬಿ ಕಟ್ಟಿ, ಮಗಳ ಜಡೆ ಹಾಕಿ, ಬಸ್ ಸ್ಟ್ಯಾಂಡಿಗೆ ಓಡೋದು ಯಾರು ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಟಿಕೆಟ್ ಪುಕ್ಕಟೆ ಅಂತ ಮನೆಯ ದೂರ ಎಲ್ಲ ಹೆಂಡತಿ ಹೆಗಲಿಗೆ ಹಾಕೋ ಗಂಡಸರು ಇದನ್ನ ಎರಡು ಸಲ ಕೇಳ್ರಿ.

ಸರ್ಕಾರಿ ನೌಕರರಿಗೆ ಮನೆ ಬಾಡಿಗೆ ಭತ್ಯೆಯ ತಲೆನೋವೂ ಇದೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಈ ಭತ್ಯೆ ಊರಿನ ದರ್ಜೆ ನೋಡಿ 20%, 15%, 7.5%. ಕಲಬುರಗಿಗೆ 15, ಕಮಲಾಪುರದಂಥ ಊರಿಗೆ 7.5. ನೋಡೋದು ಕೆಲಸ ಮಾಡೋ ಊರು, ಮಲಗೋ ಊರಲ್ಲ. ಮೂಲ ವೇತನ 50,000 ಇದ್ರೆ ಕಲಬುರಗಿಯಲ್ಲಿ ಕೆಲಸ ಮಾಡೋರಿಗೆ 7,500, ಕಮಲಾಪುರದಲ್ಲಿ ಕೆಲಸ ಮಾಡೋರಿಗೆ 3,750. ಭತ್ಯೆ ತಾಲೂಕಿನದು, ಬಾಡಿಗೆ ಸಿಟಿಯದು.

ರೈಲಿನ ಮಾತೂ ಬರ್ತದೆ. ಬೀದರ್–ಕಲಬುರಗಿ 110 ಕಿ.ಮೀ. ಮಾರ್ಗ 2017ರ ಅಕ್ಟೋಬರ್ 29ರಂದು ಶುರುವಾಯ್ತು, ಕಮಲಾಪುರದಲ್ಲಿ ಸ್ಟೇಷನ್ ಇದೆ. ಓಡೋ ಗಾಡಿಗಳು ಮಾತ್ರ ಬೆರಳೆಣಿಕೆ. ನಿಮ್ಮ ಆಫೀಸಿನ ಟೈಮಿಗೆ ಹೊಂದಿದ್ರೆ ಅದೃಷ್ಟ, ಇಲ್ಲಾಂದ್ರೆ ರೈಲು ಇದೆ ಅನ್ನೋದು ಲೇಔಟಿನ ಪಾಂಪ್ಲೆಟ್‌ಗಷ್ಟೇ ಸರಿ.

ಈ ಪ್ರಯಾಣ ಮಗುವಿನ ಮೇಲೆ ಮಾತ್ರ ಹಾಕಬೇಡ್ರಿ. ಇದರಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಆರ್‌ಟಿಇ ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ಆಗಬೇಕು. ಕಮಲಾಪುರದಿಂದ ಕಲಬುರಗಿಗೆ ದಿನಾ ಎರಡೂವರೆ ತಾಸು ಅಂದ್ರೆ ಅದೇ 200 ದಿನಕ್ಕೆ 500 ತಾಸು ಪ್ರಯಾಣ. ಎಂಟು ತಾಸು ಕಲಿಯೋಕೆ ಐದು ತಾಸು ಗಾಡಿಯಲ್ಲಿ ಕೂತು ಬರೋದು. ಆರು ವರ್ಷದ ಕೂಸು ಸಂಜೆ ಮನೆಗೆ ಬಂದು ಊಟ ಮಾಡೋ ಮೊದಲೇ ನಿದ್ದೆ ಹೋಗ್ತದೆ. ಜೊತೆಗೆ ಇದು ರಾಷ್ಟ್ರೀಯ ಹೆದ್ದಾರಿ 50. 2022ರ ಜೂನ್ 3ರ ಮುಂಜಾನೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹತ್ತಿರ ಅಪಘಾತವಾಗಿ, ಬೆಂಕಿ ಹತ್ತಿ 7 ಮಂದಿ ಸತ್ತರು. ಹೆದರಿಸೋಕೆ ಹೇಳ್ತಿಲ್ಲ, ಆದರೆ ದಿನಾ ಎರಡು ಸಲ ಮಗುವನ್ನ ಕೂರಿಸಿ ಕಳಿಸೋ ರಸ್ತೆ ಎಂಥದ್ದು ಅನ್ನೋದು ನೆನಪಿರಲಿ.

ಹಾಗಾದ್ರೆ ನಾವು ಊಹಿಸಿದ ಆ ಜೋಡಿ? ನಾನಾಗಿದ್ರೆ ಮೊದಲ ಐದು ವರ್ಷ ಅಮ್ಮನ ಶಾಲೆಯ ಕಡೆಗೇ ಮನೆ ಮಾಡ್ತಿದ್ದೆ. ಅಮ್ಮ ಮಗಳು ಇಬ್ಬರೂ ನಡೆದು ಹೋಗೋ ದೂರ, ದೊಡ್ಡ ಗಂಡಸೊಬ್ಬ ಓಡಾಡ್ಲಿ. ಬೈಕಿನ ಬದಲು ಬಸ್ ಪಾಸ್ ಮಾಡಿಸಿದ್ರೆ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ನಮ್ಮ ಹಳೇ ಸಂಚಿಕೆ ಎಲ್ಲಾ ಕೇಳಿ ಮುಗಿಸಬಹುದು! ಶಾಲೆ ಗ್ರಾಮೀಣ ಲೆಕ್ಕದ್ದಾಗಿದ್ರೆ ನವೋದಯ ಪರೀಕ್ಷೆಯ ದಾರಿಯೂ ತೆರೆದಿರ್ತದೆ. ಐದನೇ ಕ್ಲಾಸ್ ಮುಗಿದ ಮೇಲೆ ನಗರಕ್ಕೆ ಬರೋದೋ, ಹತ್ತರ ತನಕ ಅಲ್ಲೇ ಇದ್ದು ಪಿಯುಸಿಗೆ ಬರೋದೋ ಅಂತ ಆವಾಗ ನೋಡಬಹುದು. ಟೀಚರಮ್ಮಗೆ ಅಷ್ಟರೊಳಗೆ ವರ್ಗಾವಣೆ ಆದ್ರೆ ಎಲ್ಲಾ ಲೆಕ್ಕ ಮತ್ತೆ ಹೊಸದಾಗಿ. ಅದಕ್ಕೇ ಈ ವಯಸ್ಸಲ್ಲಿ ಬಾಡಿಗೆ ಮನೆಯೇ ಮೇಲು ಅಂತೀನಿ.

ಸೈಟ್ ಕೊಳ್ಳೋರೇ ಆಗಿದ್ರೆ, ಕಪನೂರು ದಾಟಿದ ಮೇಲೆ ಬೋರ್ಡುಗಳು ಬಹಳ ಕಾಣ್ತಾವೆ. 'ಹತ್ತೇ ನಿಮಿಷ' ಅಂತ ಬರೆದಿರ್ತಾರೆ, ಯಾವ ವಾಹನಕ್ಕೆ, ಯಾವ ಹೊತ್ತಿಗೆ ಅಂತ ಬರೆದಿರಲ್ಲ. ಜಮೀನು ಎನ್‌ಎ ಆಗಿದೆಯಾ, ಲೇಔಟ್ ಮಂಜೂರಾಗಿದೆಯಾ, ಇ-ಖಾತೆ ಇದೆಯಾ ನೋಡ್ರಿ. ಬ್ಯಾಂಕ್ ಸಾಲಕ್ಕೂ ಇದೇ ಕಾಗದ ಬೇಕು.

ಅಡ್ವಾನ್ಸ್ ಕೊಡೋ ಮೊದಲು ಒಂದು ವಾರ ಆ ಮನೆಯಿಂದ ಹೊರಟ ಹಾಗೆ ಓಡಾಡಿ ನೋಡ್ರಿ. ಭಾನುವಾರ ಕಾರಲ್ಲಿ ಹೋಗಿ ನೋಡಿದ ದೂರ ದೂರವೇ ಅಲ್ಲ, ಸೋಮವಾರ ಮುಂಜಾನೆ ಬಸ್ಸಲ್ಲಿ ನಿಂತು ಹೋಗ್ರಿ. ಆಗಿದ್ರೆ ಏಪ್ರಿಲ್‌ನಲ್ಲಿ ಹೋಗ್ರಿ. ಏಪ್ರಿಲ್, ಮೇ ಎರಡು ತಿಂಗಳು ಬಿಸಿಲಿಗಾಗಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1:30ರ ತನಕ ನಡೀತಾವೆ. 8ಕ್ಕೆ ಕುರ್ಚಿಯಲ್ಲಿ ಕೂರಬೇಕಂದ್ರೆ ಆರೂವರೆಗೆಲ್ಲಾ ಬಸ್ ಹಿಡೀಬೇಕು, ವಾಪಸ್ ಬರೋದು ನೆತ್ತಿ ಸುಡೋ ಹೊತ್ತಿಗೆ. ನಿಮ್ಮ ಲೆಕ್ಕ ಏನು ಬಂತು, ತಾಸಿಗೆ ಎಷ್ಟು ರೂಪಾಯಿ ಬಿತ್ತು ಅಂತ ವಾಯ್ಸ್ ಮೆಸೇಜ್ ಕಳಿಸ್ರಿ.